ಕೈ ಹಿಡಿಯಲೊಲ್ಲದ ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿ ನಡೆಸುತ್ತೇನೆ. ಈ ವರ್ಷ ಎರಡನೆಯ ತರಗತಿಗೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಾಲಕಿಯೊಬ್ಬಳು ಸೇರಿದ್ದಾಳೆ. ಸುತ್ತು ನಿಂತು ಆಡುವ ಆಟದಲ್ಲಿ ಪಕ್ಕದ ಮಕ್ಕಳು ಅವಳ ಕೈ ಹಿಡಿಯಲು ಒಪ್ಪುವುದಿಲ್ಲ. ಮುಟ್ಟಿದರೆ ತಮಗೂ ಬಣ್ಣ ಹತ್ತುತ್ತದೆ ಎನ್ನುತ್ತಾರೆ, ಕೂದಲನ್ನು ಎಳೆದು ನೋಡುತ್ತಾರೆ. ನಾನು ಗದರಿಸಿ, ಎಲ್ಲರ ಮುಂದೆ ಅವಳಲ್ಲಿ ಕ್ಷಮೆ ಕೇಳಿಸಿದೆ. ಅಂದಿನಿಂದ ಅವಳು ಇನ್ನಷ್ಟು ಮಾತು ಕಡಿಮೆ ಮಾಡಿದ್ದಾಳೆ. ಸಿದ್ದಿ ಸಮುದಾಯದ ಕುರಿತು ಒಂದು ಪಾಠವನ್ನೇ ಮಾಡಬೇಕೆಂದಿದ್ದೇನೆ. ಹೇಗೆ ಮಾಡಲಿ?
(ಶಿಕ್ಷಕಿ, ಯಲ್ಲಾಪುರ ತಾಲ್ಲೂಕು)

ಉತ್ತರ: ಆ ಪಾಠವನ್ನು ಸದ್ಯಕ್ಕೆ ಮುಂದೂಡಿ, ಅಕ್ಕೋರೇ. ತರಗತಿಯಲ್ಲಿ ಆ ಸಮುದಾಯದವಳು ಅವಳೊಬ್ಬಳೇ ಇರುವಾಗ, ಅವಮಾನ ಇನ್ನೂ ಹಸಿಯಾಗಿರುವಾಗ ಅಂಥ ಪಾಠ ಮಾಡಿದರೆ ಅವಳೇ ಪಾಠದ ವಸ್ತುವಾಗಿಬಿಡುತ್ತಾಳೆ, ಎಲ್ಲರ ಕಣ್ಣೂ ಅವಳ ಮೇಲೆಯೇ ನೆಡುತ್ತದೆ. ಎಲ್ಲರೆದುರು ಕ್ಷಮೆ ಕೇಳಿಸಿದಾಗ ಅವಳು ಕುಗ್ಗಿದ್ದಕ್ಕೂ ಇದೇ ಕಾರಣವಿರಬಹುದು. ಮೊದಲು ಅವಳೊಬ್ಬಳೊಡನೆಯೇ ಮಾತನಾಡಿ. ಅವರು ಹಾಗೆ ಅಂದದ್ದು ತಪ್ಪು, ಅದರಲ್ಲಿ ಅವಳ ತಪ್ಪೇನೂ ಇಲ್ಲ, ಮತ್ತೆ ಯಾರಾದರೂ ಕೂದಲಿಗೆ ಕೈಹಾಕಿದರೆ ನೀವು ಅಲ್ಲಿಯೇ ತಡೆಯುತ್ತೀರಿ ಎಂಬುದನ್ನು ಸರಳವಾಗಿ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಅವಳ ಮನೆಗೂ ಒಮ್ಮೆ ಹೋಗಿಬನ್ನಿ. ಶಾಲೆಯಲ್ಲಿ ನಡೆದದ್ದು ತಂದೆತಾಯಿಗೆ ನಿಮ್ಮ ಬಾಯಿಂದಲೇ ತಿಳಿಯುವುದು ಒಳ್ಳೆಯದು.

ಬಣ್ಣ ಹತ್ತುತ್ತದೆ ಎನ್ನುವ ಏಳು ವರ್ಷದ ಮಗುವಿನ ಮಾತಿನಲ್ಲಿ ನಿಜವಾದ ಅಜ್ಞಾನವೂ ಇರುತ್ತದೆ, ದೊಡ್ಡವರಿಂದ ಕೇಳಿ ಕಲಿತ ತಾತ್ಸಾರವೂ ಇರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಅಜ್ಞಾನಕ್ಕೆ ವಿಜ್ಞಾನ ಸಾಕು. ಅವಳ ಹೆಸರೆತ್ತದೆ, ಬೇರೊಂದು ದಿನ, ಎಲ್ಲ ಮಕ್ಕಳೂ ತಮ್ಮ ತಮ್ಮ ಮುಂಗೈಯ ಹೊರಬದಿ ಮತ್ತು ಒಳಬದಿಯನ್ನು ನೋಡಿಕೊಳ್ಳಲಿ. ಒಂದೇ ಕೈಯಲ್ಲಿ ಎರಡು ಬಣ್ಣ ಕಾಣುವುದು ಅವರಿಗೇ ಅಚ್ಚರಿಯಾಗುತ್ತದೆ. ಮೆಲನಿನ್ ಎಂಬ ವರ್ಣದ್ರವ್ಯ ಎಲ್ಲರ ಚರ್ಮದಲ್ಲಿಯೂ ಇದೆ, ಪ್ರಖರ ಬಿಸಿಲಿನ ನಾಡುಗಳಲ್ಲಿ ತಲೆತಲಾಂತರದಿಂದ ಬಾಳಿದವರಲ್ಲಿ ಅದು ಹೆಚ್ಚು, ಬಿಸಿಲಿನ ಹಾನಿಯಿಂದ ಅದು ಚರ್ಮವನ್ನು ಕಾಯುತ್ತದೆ, ಚರ್ಮದ ಒಳಗೇ ಇರುವುದರಿಂದ ಅದು ತೊಳೆದರೆ ಹೋಗುವುದೂ ಇಲ್ಲ, ಮುಟ್ಟಿದರೆ ಹತ್ತುವುದೂ ಇಲ್ಲ ಎಂಬಷ್ಟನ್ನು ಎರಡನೆಯ ತರಗತಿಯ ಮಕ್ಕಳು ಚೆನ್ನಾಗಿಯೇ ಗ್ರಹಿಸುತ್ತಾರೆ. ಕೂದಲು ಗುಂಗುರಾಗುವುದು ಅದು ಹುಟ್ಟುವ ಬುಡದ ಆಕಾರದಿಂದ. ಜೊತೆಗೆ, ಕೇಳದೆ ಯಾರೂ ಯಾರ ಮೈಯನ್ನೂ ಮುಟ್ಟಬಾರದು ಎಂಬ ನಿಯಮ ಇಡೀ ತರಗತಿಗೆ ಅನ್ವಯವಾಗಲಿ.

ತಾತ್ಸಾರ ಮಾತ್ರ ಮಾತಿನಿಂದ ಹೋಗುವುದಿಲ್ಲ. ಭಿನ್ನ ಗುಂಪುಗಳ ಜನರನ್ನು ಒಂದೆಡೆ ಕೂರಿಸಿದ ಮಾತ್ರಕ್ಕೆ ಪೂರ್ವಗ್ರಹ ಕರಗದು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಬರೆದಿದ್ದರು. ಅವರ ಪ್ರಕಾರ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಮುಟ್ಟಲು ಒಬ್ಬರಿಗೊಬ್ಬರು ನೆರವಾಗಬೇಕು, ಮೇಲಿನವರ ಬೆಂಬಲವೂ ಇರಬೇಕು. ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದು ಜಗಳಗಳು ಹೆಚ್ಚಿದಾಗ, 1971ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ‘ಜಿಗ್‌ಸಾ’ ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಪಾಠವನ್ನು ತುಂಡುಗಳಾಗಿ ಹಂಚಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡನ್ನು ಮಾತ್ರ ಕೊಡುತ್ತಾರೆ. ಉಳಿದವರ ಮಾತಿಗೆ ಕಿವಿಗೊಡದೆ ಯಾರಿಗೂ ಪಾಠ ಪೂರ್ಣವಾಗುವುದಿಲ್ಲ.

ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿಯೇ ಕುಳಿತಿರುವುದರಿಂದ ಇದು ನಿಮಗೆ ಕಷ್ಟವಾಗದು. ‘ನಮ್ಮೂರಿನ ನೀರು’ ಎಂದು ನಾಲ್ವರ ಗುಂಪಿಗೆ ಕೆಲಸ ಕೊಡಿ. ಒಬ್ಬರು ಬಾವಿಯ ಬಗ್ಗೆ, ಒಬ್ಬರು ಹಳ್ಳದ ಬಗ್ಗೆ, ಒಬ್ಬರು ಶಾಲೆಯ ಟಾಕಿಯ ಬಗ್ಗೆ, ಇನ್ನೊಬ್ಬರು ಬಿಸಿಯೂಟದ ಅಡುಗೆಗೆ ಬೇಕಾಗುವ ನೀರಿನ ಬಗ್ಗೆ ವಿಚಾರಿಸಿಕೊಂಡು ಬಂದು, ಎಲ್ಲರೂ ಸೇರಿ ಒಂದೇ ಹಾಳೆಯಲ್ಲಿ ಚಿತ್ರ ಬರೆಯಲಿ. ಸಿದ್ದಿಗಳು ಕಾಡಿನವರೆಂದು ಆ ಬಾಲಕಿಗೆ ಕಾಡಿಗೆ ಸಂಬಂಧಿಸಿದ ಭಾಗವನ್ನೇ ಕೊಡಬೇಡಿ. ಉಳಿದವರಿಗೆ ಸಿಗುವಂಥದ್ದೇ ಅವಳಿಗೂ ಸಿಗಲಿ. ಕೆಲವು ವಾರ ಗುಂಪನ್ನು ಬದಲಿಸಬೇಡಿ. ಊಟದ ಪಂಕ್ತಿಯಲ್ಲಿ ಅವಳ ಪಕ್ಕ ಯಾರು ಕೂರುತ್ತಾರೆ ಎಂಬುದನ್ನೂ ಗಮನಿಸಿ. ಹಂಚುವುದು ಸುಲಭವೆಂದು ಮೊಟ್ಟೆ ತಿನ್ನುವವರನ್ನು ಒಂದು ಸಾಲಿನಲ್ಲಿ, ಬಾಳೆಹಣ್ಣಿನವರನ್ನು ಇನ್ನೊಂದು ಸಾಲಿನಲ್ಲಿ ಕೂರಿಸುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಒಂದು ವರ್ಷದಲ್ಲಿ ಬೋಧಿಸುವುದನ್ನೆಲ್ಲ ಆ ಎರಡು ಸಾಲುಗಳು ಅಳಿಸಿಹಾಕಬಲ್ಲವು. ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಬಂದಾಗ ಸಿದ್ದಿ ಮಕ್ಕಳಿಗೆ ಡಮಾಮಿ ಕುಣಿತ, ಹಾಲಕ್ಕಿ ಒಕ್ಕಲಿಗರ ಮಕ್ಕಳಿಗೆ ಸುಗ್ಗಿ ಕುಣಿತ ಎಂದು ಮೊದಲೇ ಹಂಚಿಬಿಡುವುದೂ ನನಗೆ ಸರಿ ಕಾಣುವುದಿಲ್ಲ. ಅವಳಿಗೆ ಇಷ್ಟವಿದ್ದು, ಇಡೀ ತರಗತಿಯೇ ಕಲಿತು ಕುಣಿದರೆ ಅದರ ಸೊಗಸೇ ಬೇರೆ.

ನೀವು ಎಣಿಸಿದ ಪಾಠಕ್ಕೆ ಕಾಲ ಆಮೇಲೆ ಬರುತ್ತದೆ. ಆಗ ಅದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಂದು ನೆಲೆಸಿದವರೆಲ್ಲರ ಕಥೆಯಾಗಿ ಹೇಳಿ. ಪೋರ್ಚುಗೀಸರು ಮತ್ತು ಅರಬ್ ವರ್ತಕರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಕಾಡು ಸೇರಿದರು. ಅವರ ಸಂತತಿಯಾದ ಸಿದ್ದಿಗಳಲ್ಲಿ ಇಂದು ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಪೋರ್ಚುಗೀಸರ ಕಾಟದಿಂದ ಗೋವೆ ತೊರೆದು ಬಂದ ಕೊಂಕಣಿ ಮನೆತನಗಳು, ಅರಬ್ಬರ ಸಮುದ್ರ ವ್ಯಾಪಾರದೊಡನೆ ಬೇರುಬಿಟ್ಟ ಭಟ್ಕಳದ ನವಾಯತರು, 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ನರು, ಎಲ್ಲರೂ ಆ ಪಾಠದಲ್ಲಿ ಬರಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದನ್ನು ಮಕ್ಕಳಿಗೆ ಹೇಳಲು ಮರೆಯಬೇಡಿ. ಸಿದ್ದಿಗಳ ಕಥೆ ಗುಲಾಮಗಿರಿಯಲ್ಲೇ ಮುಗಿಯಬಾರದು.

ಪ್ರಶ್ನೆ: ಮೂರನೆಯ ತರಗತಿಯಲ್ಲಿರುವ ನನ್ನ ಮಗನ ಪಕ್ಕ ಶ್ರವಣ ಸಾಧನ ಧರಿಸುವ ಹುಡುಗನನ್ನು ಕೂರಿಸಿದ್ದಾರೆ. ಅವನಿಗಾಗಿ ಶಿಕ್ಷಕರು ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾರಂತೆ. ನನ್ನ ಮಗನ ಕಲಿಕೆ ಹಿಂದೆ ಬೀಳುವುದಿಲ್ಲವೇ? ಜಾಗ ಬದಲಿಸಲು ಕೇಳಬಹುದೇ?
(ತಂದೆ, ಕಾರವಾರ)

ಉತ್ತರ: ಕೇಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ, ಶ್ರವಣದೋಷವೂ ಅವುಗಳಲ್ಲಿ ಒಂದು. ಕಾಯ್ದೆ ನಿಗದಿಪಡಿಸಿದ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಆದರೆ ನಿಮ್ಮ ಆತಂಕಕ್ಕೆ ಕಾನೂನಿಗಿಂತ ತರಗತಿಯೇ ಸಮಾಧಾನ ಹೇಳಬಲ್ಲದು. ಮಕ್ಕಳ ಕಡೆ ಮುಖಮಾಡಿ ನಿಧಾನವಾಗಿ ಮಾತನಾಡುವುದು, ಮುಖ್ಯವಾದದ್ದನ್ನು ಹಲಗೆಯ ಮೇಲೆ ಬರೆಯುವುದು, ಇನ್ನೊಮ್ಮೆ ಹೇಳುವುದು ಎಲ್ಲ ಮಕ್ಕಳಿಗೂ ಅನುಕೂಲವೇ. ಜೂನ್ ತಿಂಗಳಿನಿಂದ ನಮ್ಮ ಕರಾವಳಿಯ ಮಳೆ ಹಂಚಿನ ಮೇಲೆ ಸುರಿಯತೊಡಗಿದರೆ ಯಾವ ಮಗುವಿಗೂ ಪಾಠ ಪೂರ್ತಿ ಕೇಳಿಸುವುದಿಲ್ಲವಲ್ಲ!

ನಿಮ್ಮ ಮಗನಿಗೆ ತಿಳಿಸಬೇಕಾದದ್ದು ಸ್ವಲ್ಪವೇ ಇದೆ. ಶ್ರವಣ ಸಾಧನವು ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ಬೆಂಚು ಎಳೆದ ಸದ್ದನ್ನೂ ಹಿಗ್ಗಿಸುತ್ತದೆ. ಆದ್ದರಿಂದ ಕಿವಿಯ ಬಳಿ ಕೂಗಿದರೆ ಗೆಳೆಯನಿಗೆ ನೋವಾಗುತ್ತದೆ, ಎದುರು ನಿಂತು ತುಟಿ ಕಾಣುವಂತೆ ಮಾತನಾಡಿದರೆ ಸುಲಭವಾಗುತ್ತದೆ. ತೇವ ತಗಲಿದರೆ ಸಾಧನ ಕೆಡುವುದರಿಂದ ಮಳೆಯಲ್ಲಿ ನೆನೆಯುವ ಆಟಕ್ಕೆ ಅವನನ್ನು ಎಳೆಯಬಾರದು. ‘ಪಾಪ, ಅವನಿಗೆ ಸಹಾಯ ಮಾಡು’ ಎಂದು ಹೇಳಿ ಕಳಿಸಬೇಡಿ. ಹಾಗೆ ಹೇಳಿದರೆ ಅವನು ಸದಾ ಸಹಾಯ ಪಡೆಯುವವನಾಗಿಯೇ ಉಳಿಯುತ್ತಾನೆ. ನಿಮ್ಮ ಮಗನಿಗೆ ತಿಳಿಯದ ಲೆಕ್ಕವನ್ನು ಅವನೇ ಹೇಳಿಕೊಡುವ ದಿನವೂ ಬರಲಿ.

ಪ್ರಶ್ನೆ: ಅಮೆರಿಕದ ಶಿಕ್ಷಕಿಯೊಬ್ಬರು ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು-ಕೀಳೆಂದು ವಿಂಗಡಿಸಿ ತಾರತಮ್ಯದ ನೋವನ್ನು ಕಲಿಸಿದರೆಂದು ಓದಿದೆ. ನಾಲ್ಕನೆಯ ತರಗತಿಯಲ್ಲಿ ಬಣ್ಣದ ರಿಬ್ಬನ್ ಕಟ್ಟಿ ನಾನೂ ಇದನ್ನು ಮಾಡಬಹುದೇ? ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟವನ್ನೂ ಯೋಚಿಸಿದ್ದೇನೆ.
(ಶಿಕ್ಷಕ, ಶಿರಸಿ)

ಉತ್ತರ: ನೀವು ಓದಿದ್ದು ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನ ಜೇನ್ ಎಲಿಯಟ್ ಅವರ ಬಗ್ಗೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಮರುದಿನ, ಅಂದರೆ 1968ರ ಏಪ್ರಿಲ್ 5ರಂದು, ಅವರು ಮೂರನೆಯ ತರಗತಿಯಲ್ಲಿ ಈ ಪ್ರಯೋಗವನ್ನು ಆರಂಭಿಸಿದರು. ಆ ಮಕ್ಕಳೆಲ್ಲರೂ ಬಿಳಿಯರು. ಕಣ್ಣಿನ ಬಣ್ಣಕ್ಕೆ ಅಂಟಿದ ಕೀಳರಿಮೆ ಶಾಲೆಯ ಹೊರಗೆ ಅವರನ್ನು ಕಾಯುತ್ತಿರಲಿಲ್ಲ. ನಿಮ್ಮ ತರಗತಿಯಲ್ಲಿ ಜಾತಿಯ ಕಾರಣಕ್ಕೆ ನಿಜವಾಗಿಯೇ ಹೊರಗೆ ನಿಲ್ಲಿಸಿಕೊಂಡ ಮಗುವಿರಬಹುದು. ಆ ಮಗುವಿಗೆ ‘ಕೀಳು’ ರಿಬ್ಬನ್ ಕಟ್ಟುವವರು ಅದು ಅತ್ಯಂತ ನಂಬುವ ಮಾಸ್ತರರೇ ಆಗಿರುತ್ತಾರೆ, ಬೇಡವೆನ್ನುವ ಧೈರ್ಯವೂ ಅದಕ್ಕಿರುವುದಿಲ್ಲ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದನ್ನು ನೆನಪಿಡಿ. ಈ ಪ್ರಯೋಗ ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ.

ಕಣ್ಣಿಗೆ ಬಟ್ಟೆ ಕಟ್ಟುವ ಆಟದಿಂದ ಮಕ್ಕಳಿಗೆ ತಿಳಿಯುವುದು ಥಟ್ಟನೆ ಕವಿದ ಕತ್ತಲೆಯ ಭಯ ಮಾತ್ರ. ವರ್ಷಗಳ ಅಭ್ಯಾಸದಿಂದ ದೃಷ್ಟಿಹೀನರು ಬೆಳೆಸಿಕೊಂಡ ಕೌಶಲ ಅದರಲ್ಲಿ ಕಾಣುವುದಿಲ್ಲವಾದ್ದರಿಂದ ಗೌರವಕ್ಕಿಂತ ಕನಿಕರವೇ ಹೆಚ್ಚುತ್ತದೆ. ಅದರ ಬದಲು ಬ್ರೈಲ್ ಹಾಳೆಯೊಂದನ್ನು ತಂದು ಆರು ಚುಕ್ಕಿಗಳಲ್ಲಿ ಅಕ್ಷರಗಳು ಹೇಗೆ ಮೂಡುತ್ತವೆ ಎಂಬುದನ್ನು ತೋರಿಸಿ. ಬಳಿಕ ಮಕ್ಕಳನ್ನೇ ಕರೆದುಕೊಂಡು ಶಾಲೆಯನ್ನು ಸುತ್ತಿಬನ್ನಿ. ಗಾಲಿಕುರ್ಚಿಗೆ ಇಳಿಜಾರು ಇದೆಯೇ, ಶೌಚಾಲಯದ ಬಾಗಿಲು ಸಾಕಷ್ಟು ಅಗಲವಿದೆಯೇ, ನಲ್ಲಿ ಕೈಗೆಟುಕುತ್ತದೆಯೇ ಎಂದು ಅವರೇ ನೋಡಿ, ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಲಿ.

ಪ್ರಶ್ನೆ: ಒಂದನೆಯ ತರಗತಿಗೆ ಹೋಗುವ ಮೊಮ್ಮಗ, ಸಹಪಾಠಿಯಾದ ಹಾಲಕ್ಕಿ ಹುಡುಗನ ಮಾತನ್ನು ಅಣಕಿಸಿ ಮನೆಯಲ್ಲಿ ಎಲ್ಲರನ್ನೂ ನಗಿಸುತ್ತಾನೆ. ತಿದ್ದುವುದು ಹೇಗೆ?
(ಅಜ್ಜ, ಕುಮಟಾ)

ಉತ್ತರ: ಮೊದಲು ಮನೆಯವರು ನಗುವುದನ್ನು ನಿಲ್ಲಿಸಲಿ, ನಗುವವರಿಲ್ಲದಿದ್ದರೆ ಅಣಕ ಹೆಚ್ಚು ದಿನ ಉಳಿಯದು. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದಿದ್ದರೂ ಅದೇ ಮಾತಿನ ಸಾವಿರಾರು ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡಿದ್ದರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು ಎಂಬುದನ್ನು ಅವನಿಗೆ ಕಥೆಯಾಗಿ ಹೇಳಿ. ಇನ್ನೊಂದು ಕೆಲಸ ನಿಮ್ಮ ಕೈಯಲ್ಲಿಯೇ ಇದೆ. ಪೇಟೆಗೆ ಹೋಗುವಾಗ ಅವನನ್ನೂ ಕರೆದೊಯ್ದು, ತರಕಾರಿ ಮಾರುವ ಹಾಲಕ್ಕಿ ಹೆಂಗಸರನ್ನು ಅವನೆದುರಿಗೆ ಬಹುವಚನದಲ್ಲಿ ಮಾತನಾಡಿಸಿ.