ಹಂಪಿಯಲ್ಲಿ ಮಟಮಟ ಮಧ್ಯಾಹ್ನ ತೆಗೆದ ವೈಡ್ ಆಂಗಲ್ ಫೋಟೋ ಪೇಲವ ಆಗಿ ಬರುತ್ತೆ, ಯಾವ ಫಿಲ್ಟರ್ ತಗೊಳ್ಲಿ?

ನಮಸ್ಕಾರ. ಟೂರ್ ಬಸ್ 11ಕ್ಕೆ ಇಳಿಸಿ 3ಕ್ಕೆ ಹತ್ತಿಸ್ಕೊಳ್ಳುತ್ತೆ, ಹೇಮಕೂಟ ಗುಡ್ಡದ ಮೇಲಿಂದ 18-55 ಕಿಟ್ ಲೆನ್ಸನ್ನ (ಕ್ಯಾಮೆರಾ ಜೊತೆಗೇ ಬರೋದು) 18ಕ್ಕಿಟ್ಟು, ಅಂದ್ರೆ ಪೂರ್ತಿ ಅಗಲಕ್ಕಿಟ್ಟು ತೆಗೆದ್ರೆ ಆಕಾಶ ಪೂರ್ತಿ ಬಿಳಿ, ನೆರಳೆಲ್ಲ ಕರಿ ಅಂತ ಬರ್ದಿದ್ದೀರ. ಬೆಳಗ್ಗೆ 6ಕ್ಕೆ ಹೋಗಿ ಅಂತ ನಾನು ಹೇಳಲ್ಲ, ಟೈಮ್ ನಿಮ್ಮ ಕೈಲಿಲ್ಲ ಅಂತ ನೀವೇ ಹೇಳಿದ್ದೀರಲ್ಲ. ನಮ್ಮದು ಹೊಸಪೇಟೆ, ನೆಂಟರು ಬಂದಾಗೆಲ್ಲ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟು ಅಲ್ಲಿಗೆ ಮುಟ್ಟೋದು ಬಿಸಿಲು ಏರಿದ ಮೇಲೇನೇ, ಹಾಗಾಗಿ ನನ್ನ ಹಂಪಿ ಫೋಟೋ ಅರ್ಧಕ್ಕರ್ಧ ಇದೇ ಬೆಳಕಲ್ಲಿ ತೆಗೆದಿದ್ದು.

ಫಿಲ್ಟರ್ ವಿಷಯ ಆಮೇಲೆ. ಮೊದಲು ನಿಮ್ಮ ಫ್ರೇಮಲ್ಲಿ ಆಕಾಶ ಎಷ್ಟಿದೆ ನೋಡಿ, ಅರ್ಧಕ್ಕಿಂತ ಜಾಸ್ತಿ ಇರುತ್ತೆ ಅನ್ಸುತ್ತೆ. ಮೋಡ ಇಲ್ಲದ ಮಧ್ಯಾಹ್ನದ ಆಕಾಶದಲ್ಲಿ ನೋಡೋಕೆ ಏನೂ ಇಲ್ಲ, ಅದಕ್ಕೆ ಮೇಲೆ ಒಂದು ಪಟ್ಟಿಯಷ್ಟು ಮಾತ್ರ ಬಿಟ್ಟು ಕ್ಯಾಮೆರಾನ ಕೆಳಕ್ಕೆ ಬಾಗಿಸಿ, ಜಾಗ ಎಲ್ಲ ಬಂಡೆಗೆ ಕೊಡಿ. ವೈಡ್ ಲೆನ್ಸು ದೂರದ್ದನ್ನ ಪುಟ್ಟದು ಮಾಡಿಬಿಡುತ್ತೆ, ಹತ್ತಿರದ್ದನ್ನ ದೊಡ್ಡದು ಮಾಡುತ್ತೆ, ಆದ್ರಿಂದ ಹತ್ತಿರ ಏನೂ ಇಲ್ದಿದ್ರೆ ಫೋಟೋ ಖಾಲಿ ಖಾಲಿ. ಕುಕ್ಕರುಗಾಲಲ್ಲಿ ಕೂತು, ಬಂಡೆ ಮೇಲಿನ ಒಂದು ಬಿರುಕೋ ಮೆಟ್ಟಿಲ ತರ ಕಡಿದಿರೋ ಜಾಗವೋ ಮೂರು ನಾಲ್ಕು ಅಡಿ ದೂರದಲ್ಲಿ ಸಿಗೋ ಹಾಗೆ ಇಟ್ಕೊಳ್ಳಿ, ಅದು ಕಣ್ಣನ್ನ ವಿರೂಪಾಕ್ಷ ಗುಡಿಯ ಗೋಪುರದ ಕಡೆ ಕರ್ಕೊಂಡು ಹೋಗ್ಬೇಕು. 18 ಎಂಎಂ, ಎಫ್ 8ರಲ್ಲಿ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋ ಅಳತೆ) ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿದ್ರೆ 1 ಮೀಟರಿಂದ ಹಿಡಿದು ದೂರದ ಗುಡ್ಡದವರೆಗೂ ಶಾರ್ಪ್ ಬರುತ್ತೆ.

ಎರಡನೇದು, ಸೂರ್ಯ ಎಲ್ಲಿದ್ದಾನೆ ಅನ್ನೋದು. ಮಧ್ಯಾಹ್ನ ಅಂದ್ರೆ ಎಲ್ಲಾ ಒಂದೇ ಅಂದ್ಕೋತೀವಿ, ಅಲ್ಲ. ಹಂಪಿ ಇರೋದು 15 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಸ್ವಲ್ಪ ಮೇಲೆ, ಹಾಗಾಗಿ ಮೇ ಶುರುವಲ್ಲಿ ಒಂದ್ಸಲ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಂದ್ಸಲ, ಹನ್ನೆರಡೂವರೆಗೆ ಸ್ವಲ್ಪ ಮುಂಚೆ ಸೂರ್ಯ ನೆಟ್ಟಗೆ ನೆತ್ತಿ ಮೇಲೆ ಬರ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಮುದುಡಿಕೊಂಡು ಬಿದ್ದಿರುತ್ತೆ. ಅದೇ ಡಿಸೆಂಬರ್ ಕೊನೇಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡು ಮಧ್ಯಾಹ್ನಕ್ಕೂ 51 ಡಿಗ್ರಿ ಎತ್ತರದಲ್ಲೇ ಇರ್ತಾನೆ. ಹೇಮಕೂಟ ಇರೋದು ವಿರೂಪಾಕ್ಷ ಗುಡಿಯ ದಕ್ಷಿಣಕ್ಕೆ, ಗುಡಿ ನೋಡ್ಬೇಕಂದ್ರೆ ನೀವು ಉತ್ತರಕ್ಕೆ ಮುಖ ಮಾಡ್ತೀರ, ಚಳಿಗಾಲದಲ್ಲಿ ಬಿಸಿಲು ಬೆನ್ನಿಗೆ ಬೀಳುತ್ತೆ, ಎದುರಿಗಿರೋ ಆಕಾಶ ತಾನಾಗೇ ನೀಲಿ ಬರುತ್ತೆ. ಅಲ್ಲೇ ನಿಂತು ಹಿಂದಕ್ಕೆ ತಿರುಗಿ ತೆಗೆದ್ರೆ ಬೆಳ್ಳಗೆ. ಅಷ್ಟೇ ವ್ಯತ್ಯಾಸ.

ಈಗ ನನಗೆ ತುಂಬಾ ಇಷ್ಟದ ಮಾತು. ಮಟ್ಟಸ ನೆಲ ಚಪ್ಪಟೆಯಾಗಿ ಕಾಣೋ ಅದೇ ಬೆಳಕು ನೆಟ್ಟಗೆ ನಿಂತಿರೋ ಗೋಡೆಗೆ ಅಮೃತ ಇದ್ದಂಗೆ. ಹಜಾರ ರಾಮ ಗುಡಿಯ ಪ್ರಾಕಾರದ ಹೊರಗೋಡೆ ಮೇಲೆ ಆನೆ ಕುದುರೆ ನರ್ತಕಿಯರು ಸಾಲು ಸಾಲಾಗಿ ಇದ್ದಾರಲ್ಲ, ಬಿಸಿಲು ಮೇಲಿಂದ ಗೋಡೆ ಸವರಿಕೊಂಡು ಇಳಿಯೋ ಹೊತ್ತಲ್ಲಿ ಒಂದೊಂದು ಆನೆ ಹೊಟ್ಟೆ ಕೆಳಗೂ ಸಣ್ಣ ನೆರಳು ಮೂಡಿ ಕೆತ್ತನೆ ಎದ್ದು ಬರುತ್ತೆ. ಒಂದ್ಸಲ ಜೂನಲ್ಲಿ ಹೋದಾಗ ಉತ್ತರದ ಗೋಡೆಗೂ ಹಾಗೇ ಬೆಳಕು ಬಿದ್ದಿತ್ತು, ಆ ತಿಂಗಳು ನಡು ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ಇರ್ತಾನೆ, ಚಳಿಗಾಲದಲ್ಲಿ ಇದು ಸಿಗೋದೇ ಇಲ್ಲ. ಗೋಡೆ ಪಕ್ಕಕ್ಕೆ ಅಂಟಿಕೊಂಡಂಗೆ ನಿಂತು ವೈಡಲ್ಲಿ ತೆಗೀರಿ, ಸಾಲುಗಳು ಓಡಿಹೋಗೋ ತರ ಕಾಣುತ್ತೆ.

ಇನ್ನು ಫಿಲ್ಟರ್. ತಗೊಳ್ಳೋದಾದ್ರೆ ಸರ್ಕ್ಯುಲರ್ ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸೋ, ಹೊಳಪು ಕಡಿಮೆ ಮಾಡೋ ಗಾಜು) ಒಂದೇ ಸಾಕು. ಅದು ಬರೀ ಆಕಾಶಕ್ಕೆ ಅಂತಾರೆ, ನಾನು ಅದನ್ನ ಎಲೆಗೆ ಬಳಸ್ತೀನಿ. ಬಾಳೆ ತೋಟದ ಕಡೆ ಇಟ್ಟು ರಿಂಗ್ ತಿರುಗಿಸ್ತಾ ಹೋಗಿ, ಎಲೆ ಮೇಲಿನ ಬಿಳಿ ಹೊಳಪು ಕರಗಿ ಒಳಗಿನ ಹಸಿರು ಬರೋದು ಕಣ್ಣಿಗೇ ಕಾಣುತ್ತೆ, ಇದನ್ನ ಎಡಿಟಿಂಗಲ್ಲಿ ತರೋಕಾಗಲ್ಲ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆದಂಗೆ), ಆ ಬಿಸಿಲಲ್ಲಿ ಅದೇನೂ ತೊಂದ್ರೆ ಇಲ್ಲ. ಮುಂದೆ 10-20 ತರದ ಲೆನ್ಸ್ ತಗೊಂಡ್ರೆ ಮಾತ್ರ ಹುಷಾರು, 10ರಲ್ಲಿ ಅಡ್ಡಕ್ಕೆ ಸುಮಾರು 100 ಡಿಗ್ರಿ ಬರುತ್ತೆ, ಸೂರ್ಯ ಕೆಳಗಿದ್ದಾಗ ಆಕಾಶದ ಒಂದು ಕಡೆ ಕಡುನೀಲಿ ಇನ್ನೊಂದು ಕಡೆ ತಿಳಿಯಾಗಿ ತೇಪೆ ಹಾಕಿದಂಗೆ ಕಾಣುತ್ತೆ.

ಎಕ್ಸ್‌ಪೋಷರ್ ಬಗ್ಗೆ ಇಷ್ಟೇ: ರಾ ಫಾರ್ಮ್ಯಾಟಲ್ಲಿ (ಕ್ಯಾಮೆರಾ ಕಂಡಿದ್ದನ್ನೆಲ್ಲ ಹಾಗೇ ಉಳಿಸೋ ಫೈಲು) ತೆಗೀರಿ, ಗೋಪುರದ ತಿಳಿ ಬಣ್ಣ ಸುಟ್ಟುಹೋಗದ ಹಾಗೆ ಮೈನಸ್ ಮುಕ್ಕಾಲೋ ಒಂದೋ ಸ್ಟಾಪ್ ಇಳಿಸಿ. ಬಿಸಿಲಲ್ಲಿ ಹಿಂದಿನ ಸ್ಕ್ರೀನ್ ನಂಬಬೇಡಿ, ಹಿಸ್ಟೋಗ್ರಾಮ್ (ಕಪ್ಪಿಂದ ಬಿಳಿವರೆಗೆ ಬೆಳಕು ಹೇಗೆ ಹಂಚಿದೆ ಅಂತ ತೋರಿಸೋ ಗ್ರಾಫು) ಬಲಗಡೆ, ಅಂದ್ರೆ ಬಿಳಿ ಕಡೆ, ಅಂಚಿಗೆ ಗುದ್ದಿದೆಯಾ ಅಂತ ನೋಡಿ. ನೆರಳನ್ನ ಆಮೇಲೆ ಎತ್ತಬಹುದು, ಸುಟ್ಟ ಬಿಳಿ ವಾಪಸ್ ಬರಲ್ಲ. ಎಡಿಟ್ ಮಾಡುವಾಗ ಹೈಲೈಟ್ (ತುಂಬಾ ಬೆಳಕಿರೋ ಭಾಗ) ಇಳಿಸಿ, ಆದ್ರೆ ನೆರಳನ್ನ ಪೂರ್ತಿ ಎತ್ತಬೇಡಿ, ಹಂಪಿ ಬಂಡೆಗೆ ಆ ಕಪ್ಪು ಬೇಕು, ಅದಿಲ್ದೆ ಕಲ್ಲಿಗೆ ಭಾರ ಇರಲ್ಲ.

ಆಗಸ್ಟಲ್ಲಿ ಹೋಗೋ ಹಾಗಿದ್ರೆ ಮೋಡ ಇರುತ್ತೆ, ಗುಡ್ಡದ ಮೇಲೆ ಕೂತು ಹತ್ತು ನಿಮಿಷ ಕಾಯಿರಿ, ಮೋಡದ ನೆರಳು ಮುಂದಿನ ಬಂಡೆಗಳ ಮೇಲೆ ಬಿದ್ದು ಬಿಸಿಲು ಗೋಪುರದ ಮೇಲೆ ಮಾತ್ರ ಉಳಿಯೋ ಒಂದು ಗಳಿಗೆ ಬರುತ್ತೆ, ಆಗ ಒತ್ತಿ. ಕೂರೋಕೆ ಒಂದು ದಪ್ಪ ಟವೆಲ್ ತಗೊಂಡು ಹೋಗಿ, ಬಿಸಿಲು ಬಿದ್ದ ಬಂಡೆ ಕಾವಲಿ ತರ ಕಾದಿರುತ್ತೆ.