ಅಕೌಂಟ್ ಹೋಯ್ತಾ? ಮೊದ್ಲು ಮೇಲ್ ಬಾಕ್ಸ್ ನೋಡಿ

ಈ ಸಲ ಮುಂಬೈ, ಗೋವಾ, ಪುಣೆಯಿಂದ ಬಂದಿರೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತಲೆನೋವಿನವು, ಅದಕ್ಕೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್ ನಮಸ್ತೆ. ಡೊಂಬಿವಲಿಯಲ್ಲಿ ಮನೇಲೇ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿ ಇನ್‌ಸ್ಟಾಗ್ರಾಮಲ್ಲಿ ಆರ್ಡರ್ ತಗೊಳ್ತೀನಿ. ಹಳೇ ಗಿರಾಕಿ ಒಬ್ರ ಅಕೌಂಟಿಂದ 'ಕಾಂಪಿಟೇಶನ್ನಲ್ಲಿ ನಂಗೊಂದು ವೋಟ್ ಹಾಕಿ' ಅಂತ ಲಿಂಕ್ ಬಂತು, ಒತ್ತಿ ಪಾಸ್‌ವರ್ಡ್ ಹಾಕ್ದೆ. ರಾತ್ರಿ ನೋಡಿದ್ರೆ ನನ್ನ ಪೇಜಲ್ಲಿ ಕ್ರಿಪ್ಟೋದಲ್ಲಿ ದುಡ್ಡು ಡಬಲ್ ಆಗತ್ತೆ ಅಂತ ಸ್ಟೋರಿ! ಒಳಗೆ ಹೋಗೋಕೇ ಆಗ್ತಿಲ್ಲ, ಮೇಲ್ ಐಡಿನೂ ಬದಲಾಗಿದೆ. ಯಾರೋ ರಿಕವರಿ ಎಕ್ಸ್‌ಪರ್ಟ್ ಅಂತೆ, 5,000 ಕೊಟ್ರೆ ವಾಪಸ್ ತರ್ತೀನಿ ಅಂತಾನೆ. ಕೊಡ್ಲಾ?

ಉತ್ತರ: ಒಂದು ರೂಪಾಯಿನೂ ಕೊಡ್ಬೇಡಿ ಅಕ್ಕಾ. ಅಕೌಂಟ್ ಹೋಗಿದೆ ಅಂತ ಎಲ್ಲಾದ್ರೂ ಬರೆದ್ರೆ ಸಾಕು, ಇಂಥ ಎಕ್ಸ್‌ಪರ್ಟ್‌ಗಳು ಸಾಲಾಗಿ ಬರ್ತಾರೆ. ದುಡ್ಡು ಹಾಕಿಸ್ಕೊಂಡು ಬ್ಲಾಕ್ ಮಾಡ್ತಾರೆ, ಇಲ್ಲಾ 'ಒಂದು ಓಟಿಪಿ ಬರತ್ತೆ ಹೇಳಿ' ಅಂದು ಇನ್ನೊಂದು ಅಕೌಂಟೂ ಹೊಡ್ಕೊಂಡು ಹೋಗ್ತಾರೆ. ಇನ್‌ಸ್ಟಾಗ್ರಾಮಿನ ಒಳಗೆ ಕೈ ಹಾಕೋ ಗುಪ್ತ ದಾರಿ ಅವರಲ್ಲಿ ಯಾರ ಹತ್ರಾನೂ ಇಲ್ಲ, ಇರೋ ದಾರಿ ಎಲ್ಲರಿಗೂ ಒಂದೇ, ಅದು ಫ್ರೀ.

ಈಗ ಕೆಲಸ. ಎಲ್ಲರೂ ನೇರ ಇನ್‌ಸ್ಟಾಗ್ರಾಮಿಗೇ ನುಗ್ತಾರೆ, ನಾನು ಮೊದ್ಲು ಜಿಮೇಲ್ ತೆಗೀರಿ ಅಂತೀನಿ, ಯಾಕಂದ್ರೆ ಮೇಲ್ ಕಳ್ಳನ ಕೈಲಿದ್ರೆ ನೀವು ಎಷ್ಟು ಸಲ ಅಕೌಂಟ್ ವಾಪಸ್ ತಂದ್ರೂ ಅವನು ಮತ್ತೆ ರೀಸೆಟ್ ಮಾಡ್ಕೊಂಡು ಹೋಗ್ತಾನೆ. ಜಿಮೇಲಿನ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಕಂಪ್ಯೂಟರಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಫಿಲ್ಟರ್ ಮತ್ತೆ ಫಾರ್ವರ್ಡಿಂಗ್ ಎರಡೂ ನೋಡಿ, ಇನ್‌ಸ್ಟಾಗ್ರಾಮಿಂದ ಬರೋ ಮೇಲೆಲ್ಲಾ ನಿಮಗೆ ಕಾಣದ ಹಾಗೆ ಸೀದಾ ಟ್ರ್ಯಾಶಿಗೆ ಹೋಗ್ಲಿ ಅಂತ ಫಿಲ್ಟರ್ ಹಾಕಿಡೋದು ಹಳೇ ಚಾಳಿ. ಜಿಮೇಲೇ ಓಪನ್ ಆಗ್ತಿಲ್ಲ, ರಿಕವರಿ ನಂಬರೂ ಬದಲಾಗಿದೆ ಅಂದ್ರೆ ತಡ ಮಾಡ್ಬೇಡಿ, ಬದಲಾಗಿ 7 ದಿನದ ತನಕ ಹಳೇ ರಿಕವರಿ ನಂಬರಿಗೆ ಕೋಡ್ ತರಿಸ್ಕೊಳ್ಳೋ ಅವಕಾಶ ಗೂಗಲ್ ಕೊಡತ್ತೆ.

ಮೇಲ್ ಸರಿಹೋಯ್ತಾ, ಈಗ ಸ್ಪ್ಯಾಮ್, ಟ್ರ್ಯಾಶ್ ಸಮೇತ ಹುಡುಕಿ. ಅಕೌಂಟಿನ ಮೇಲ್ ಐಡಿ ಬದಲಾದಾಗ ಇನ್‌ಸ್ಟಾಗ್ರಾಮ್ ಹಳೇ ಐಡಿಗೆ ಒಂದು ಮೇಲ್ ಕಳಿಸತ್ತೆ, ಕಳಿಸಿದವರ ವಿಳಾಸ 'ಸೆಕ್ಯೂರಿಟಿ ಅಟ್ ಮೇಲ್ ಡಾಟ್ ಇನ್‌ಸ್ಟಾಗ್ರಾಮ್ ಡಾಟ್ ಕಾಮ್' ಅಂತ ಇರತ್ತೆ. ಅದರಲ್ಲಿ ಬದಲಾವಣೆ ವಾಪಸ್ ತಗೊಳ್ಳೋ ಲಿಂಕ್ ಇರತ್ತೆ, ಅದು ಸಿಕ್ಕಿ ಕೆಲಸ ಮಾಡಿದ್ರೆ ಅರ್ಧ ಗೆದ್ದಂಗೆ. ಪಾಸ್‌ವರ್ಡೂ ಬದಲಾಗಿದೆ ಅಂದ್ರೆ ಬ್ರೌಸರಲ್ಲಿ 'ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್' ಅಂತ ನೀವೇ ಟೈಪ್ ಮಾಡಿ ಹೋಗಿ, ಗೂಗಲಲ್ಲಿ ಹುಡುಕಿ ಮೇಲೆ ಬಂದಿದ್ದನ್ನ ಒತ್ಬೇಡಿ. ಯಾವಾಗ್ಲೂ ಬಳಸೋ ಫೋನಿಂದ, ಮನೇ ವೈಫೈಯಿಂದಾನೇ ಮಾಡಿ, ಗುರುತು ಸಿಗೋದು ಸುಲಭ ಆಗತ್ತೆ.

ಒಂದು ತೊಡಕಿದೆ. ಗುರುತಿಗೆ ವಿಡಿಯೋ ಸೆಲ್ಫಿ ಕೇಳ್ತಾರೆ, ಮುಖ ಆ ಕಡೆ ಈ ಕಡೆ ತಿರುಗಿಸಿ ತೋರಿಸ್ಬೇಕು. ಆದ್ರೆ ಅದನ್ನ ಹೋಲಿಸಿ ನೋಡೋದು ಅಕೌಂಟಲ್ಲಿರೋ ನಿಮ್ಮ ಫೋಟೋಗಳ ಜೊತೆ, ನಿಮ್ಮ ಪೇಜಲ್ಲಿ ಬರೀ ಹಪ್ಪಳಾನೇ ಇದ್ರೆ ಮುಖ ಯಾರದ್ದು ಅಂತ ಹೋಲಿಸ್ತಾರೆ ಪಾಪ! ಆಗ ಬೇರೆ ಪ್ರಶ್ನೆ ಬರತ್ತೆ, ಅಕೌಂಟ್ ಶುರು ಮಾಡಿದಾಗ ಕೊಟ್ಟ ಮೇಲ್ ಇಲ್ಲಾ ಫೋನ್ ನಂಬರ್ ಯಾವ್ದು, ಯಾವ ಥರದ ಫೋನಿಂದ ಮಾಡಿದ್ರಿ ಅಂತ. ಅದನ್ನ ಈಗ್ಲೇ ನೆನಪು ಮಾಡಿ ಬರೆದಿಟ್ಕೊಳ್ಳಿ.

ಇಷ್ಟರ ಮಧ್ಯೆ ಗಿರಾಕಿಗಳಿಗೆ ವಾಟ್ಸಾಪ್ ಸ್ಟೇಟಸಲ್ಲಿ ಹೇಳ್ಬಿಡಿ, ಪೇಜಲ್ಲಿ ಕಾಣೋ ಕ್ಯೂಆರ್‌ಗೆ ದುಡ್ಡು ಹಾಕ್ಬೇಡಿ ಅಂತ. ನಿಮ್ಮ ಕ್ಯೂಆರ್ ತೆಗೆದು ಅವನದ್ದು ಅಂಟಿಸೋಕೆ ಎಷ್ಟು ಹೊತ್ತು ಬೇಕು? ಅಕೌಂಟ್ ಕೈಗೆ ಬಂದ ಮೇಲೆ 'ಎಲ್ಲೆಲ್ಲಿ ಲಾಗಿನ್ ಆಗಿದೆ' ಅನ್ನೋ ಪಟ್ಟಿ ತೆಗೆದು ನಿಮ್ಮ ಫೋನ್ ಬಿಟ್ಟು ಉಳಿದಿದ್ದನ್ನೆಲ್ಲಾ ಹೊರಗೆ ಹಾಕಿ, ಅವನು ಸೇರಿಸಿರೋ ನಂಬರ್ ಅಳಿಸಿ, ಲಾಗಿನ್ ಕೋಡ್ ಕೊಡೋ ಅಥೆಂಟಿಕೇಟರ್ ಆ್ಯಪ್ ಹಾಕ್ಕೊಂಡು ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋದು) ಆನ್ ಮಾಡಿ, ಬ್ಯಾಕಪ್ ಕೋಡುಗಳನ್ನ ಕಾಗದದಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ. ಇನ್‌ಸ್ಟಾಗ್ರಾಮ್ ಕಂಪನಿಗೆ ಕೊಟ್ಟ ದೂರಿಗೆ ಬಂದ ಉತ್ತರ ಸರಿ ಅನ್ನಿಸ್ಲಿಲ್ಲ ಅಂದ್ರೆ 30 ದಿನದೊಳಗೆ ಕೇಂದ್ರ ಸರ್ಕಾರದ ಗ್ರಿವೆನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನಲ್ಲೇ ಅಪೀಲ್ ಹಾಕ್ಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಪ್ರಶ್ನೆ: ನಾವು ವಿಜಯಪುರ ಕಡಿಯವ್ರು, ವಾಸ್ಕೋದ ಝುವಾರಿನಗರದಾಗ ಅದೀವ್ರಿ. ನಮ್ಮ ಅಪ್ಪಾಗ ಊರಿನ ಗೆಳ್ಯಾನ ನಂಬರಿನಿಂದ 'ನನ್ನ ಕೋಡ್ ತಪ್ಪಿ ನಿನ್ನ ಫೋನಿಗೆ ಬಂದೈತಿ, ಕಳಸು' ಅಂತ ಬಂತು, ಕಳಿಸಿಬಿಟ್ರು. ಈಗ ಅಪ್ಪನ ವಾಟ್ಸಾಪಿನಿಂದ ಎಲ್ಲಾರಿಗೂ ರೊಕ್ಕ ಕೇಳಾಕತ್ತಾರ, ಸೋದರಮಾವ 8,000 ಹಾಕಿಬಿಟ್ಟಾನ. ಹಳೇ ಚಾಟೆಲ್ಲಾ ಓದತಾರೇನ್ರಿ?

ಉತ್ತರ: ಚಾಟ್ ಚಿಂತೆ ಆಮೇಲೆ ತಮ್ಮಾ, ಮೊದ್ಲು ಮಾವನ ಕೈಲಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಸು. ದುಡ್ಡು ಹೋಗಿದ್ದು ಅವರ ಬ್ಯಾಂಕ್ ಅಕೌಂಟಿಂದ, ದೂರು ಅವರೇ ಕೊಡೋದು ಒಳ್ಳೇದು, ಟ್ರಾನ್ಸಾಕ್ಷನ್ ನಂಬರ್ ಕೈಲಿಟ್ಕೊಂಡಿರ್ಲಿ. ಗೋವಾ ಆಗ್ಲಿ ವಿಜಯಪುರ ಆಗ್ಲಿ ನಂಬರ್ ಅದೇ. ದುಡ್ಡು ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗೋ ಮೊದ್ಲೇ ತಡೆಯೋಕೆ ನೋಡ್ತಾರೆ, ಅದಕ್ಕೇ ನಾಳೆ ನೋಡೋಣ ಅನ್ನೋ ಮಾತು ಬೇಡ.

ಅಷ್ಟರಲ್ಲಿ ನೀನು ಅಪ್ಪನ ಫೋನಲ್ಲಿ ಅದೇ ನಂಬರ್ ಹಾಕಿ ವಾಟ್ಸಾಪ್ ಮತ್ತೆ ರಿಜಿಸ್ಟರ್ ಮಾಡು. ಸಿಮ್ ನಿಮ್ಮ ಹತ್ರ ಇದೆ, 6 ಅಂಕಿ ಕೋಡ್ ನಿಮಗೇ ಬರತ್ತೆ, ಅದು ಹಾಕಿದ ತಕ್ಷಣ ಅವನು ತಾನಾಗೇ ಹೊರಗೆ. ಆಮೇಲೆ ಗೊತ್ತಿಲ್ಲದ ಪಿನ್ ಏನಾದ್ರೂ ಕೇಳಿದ್ರೆ ಅವನೇ ಟೂ ಸ್ಟೆಪ್ ಇಟ್ಟಿದಾನೆ ಅಂತ ಅರ್ಥ, 7 ದಿನ ಕಾಯ್ಬೇಕಾಗತ್ತೆ, ಆದ್ರೆ ಆ 7 ದಿನ ಅವನೂ ಒಳಗಿರಲ್ಲ. ಹಳೇ ಚಾಟ್ ಇರೋದು ಅಪ್ಪನ ಫೋನಲ್ಲಿ, ಬರೀ ಕೋಡ್ ತಗೊಂಡವನಿಗೆ ಅದು ಕಾಣಲ್ಲ, ಗ್ರೂಪುಗಳು ಮತ್ತೆ ಆಮೇಲೆ ಬಂದ ಮೆಸೇಜ್ ಮಾತ್ರ ಕಾಣತ್ತೆ. ಒಳಗೆ ಹೋದ ಮೇಲೆ ಲಿಂಕ್ಡ್ ಡಿವೈಸಸ್ ನೋಡಿ ಗುರುತಿಲ್ಲದ್ದು ತೆಗಿ, ನಿಮ್ಮದೇ ಪಿನ್ ಇಡು. ಆ ಊರಿನ ಗೆಳೆಯಂಗೂ ಫೋನ್ ಮಾಡಿ ಹೇಳು, ಅವರದ್ದೂ ಹೋಗಿದೆ, ಅವರಿಗಿನ್ನೂ ಗೊತ್ತಿಲ್ಲದೇ ಇರ್ಬಹುದು.

ಪ್ರಶ್ನೆ: ಪುಣೆಯ ಕೋಥ್ರೂಡಲ್ಲಿದೀನಿ. ರಿಟೈರ್ಡ್ ಟೀಚರ್ ಅಮ್ಮನ ಫೇಸ್‌ಬುಕ್ ಹ್ಯಾಕ್ ಆಗಿದೆ, 'ನನ್ನ ಫ್ರೆಂಡ್ ಸಿಆರ್‌ಪಿಎಫ್ ಆಫೀಸರ್, ಟ್ರಾನ್ಸ್‌ಫರ್ ಆಗಿದೆ, ಫರ್ನಿಚರ್ ಕಮ್ಮಿಗೆ ಕೊಡ್ತಾರೆ' ಅಂತ ಅವರ ಹೆಸರಲ್ಲಿ ಎಲ್ಲರಿಗೂ ಮೆಸೇಜ್. ಪಾಸ್‌ವರ್ಡ್ ಎಷ್ಟು ಬದಲಾಯಿಸಿದ್ರೂ ನಿಲ್ತಿಲ್ಲ.

ಉತ್ತರ: ಅಮ್ಮ ಲಾಗಿನ್ ಆಗ್ತಿದಾರೆ, ಅವರ ಇನ್‌ಬಾಕ್ಸಲ್ಲಿ ಆ ಮೆಸೇಜುಗಳೇ ಇಲ್ಲ ಅಂದ್ರೆ ಅದು ಹ್ಯಾಕ್ ಅಲ್ಲ, ಫೋಟೋ ಕದ್ದು ಅದೇ ಹೆಸರಲ್ಲಿ ಮಾಡಿರೋ ಬೇರೆ ಪ್ರೊಫೈಲ್, ಪಾಸ್‌ವರ್ಡ್ ಬದಲಾಯಿಸಿದ್ರೆ ಹೇಗೆ ನಿಲ್ಲತ್ತೆ ಹೇಳಿ. ಮೆಸೇಜ್ ಬಂದವರಿಂದ ಆ ಪ್ರೊಫೈಲಿನ ಲಿಂಕ್ ತರಿಸ್ಕೊಂಡು ಫೇಕ್ ಅಂತ ರಿಪೋರ್ಟ್ ಮಾಡಿ, ಅಮ್ಮನೂ ಮಾಡ್ಲಿ, ಅವರ ಹಳೇ ಸ್ಟೂಡೆಂಟುಗಳೂ ಮಾಡ್ಲಿ. ಬೇರೆಯವರ ಹೆಸರಲ್ಲಿ ಹೀಗೆ ಮೋಸ ಮಾಡೋದು ಐಟಿ ಕಾಯ್ದೆಯ 66ಡಿ ಪ್ರಕಾರ ಅಪರಾಧ, ಸ್ಕ್ರೀನ್‌ಶಾಟ್ ಹಾಕಿ ಸೈಬರ್ ಕ್ರೈಮ್ ಪೋರ್ಟಲಲ್ಲಿ ದೂರು ಕೊಡ್ಬಹುದು. ಅಮ್ಮನ ಪ್ರೊಫೈಲ್ ಲಾಕ್ ಮಾಡಿ, ಫ್ರೆಂಡ್ಸ್ ಲಿಸ್ಟ್ 'ಓನ್ಲಿ ಮಿ' ಇಡಿ, ಯಾರ್ಯಾರಿಗೆ ಮೆಸೇಜ್ ಹಾಕ್ಬೇಕು ಅಂತ ಕಳ್ಳಂಗೆ ಗೊತ್ತಾಗೋದೇ ಆ ಲಿಸ್ಟಿಂದ. ಪಾಸ್‌ವರ್ಡ್ ಇನ್ನು ಮುಟ್ಬೇಡಿ, ಅವರಿಗೆ ನೆನಪಿಟ್ಕೊಳ್ಳೋಕೂ ಆಗ್ಬೇಕಲ್ಲ.