ಸುತ್ತ ಜಾಗ ಬಿಡಲೇಬೇಕಾ?

ಪ್ರಶ್ನೆ: ಕುವೆಂಪುನಗರದಲ್ಲಿ ನಮ್ಮದು 30×40 ಸೈಟು. ಸುತ್ತ ಸೆಟ್‌ಬ್ಯಾಕ್ ಬಿಟ್ಟರೆ ಮನೆಗೆ ಏನು ಉಳಿಯುತ್ತೆ? ಪಕ್ಕದವರು ಕಾಂಪೌಂಡಿಗೇ ಗೋಡೆ ಎಬ್ಬಿಸಿದ್ದಾರೆ. ‘ಪ್ಲಾನ್ ಬರೀ ಲೈಸೆನ್ಸಿಗೆ, ಕಟ್ಟೋದೇ ಬೇರೆ’ ಅಂತಾರೆ ಮೇಸ್ತ್ರಿ. ಏನು ಮಾಡಲಿ ಸರ್?
– ಓದುಗರೊಬ್ಬರು, ಮೈಸೂರು

ಉತ್ತರ: ಈ ವಿಷಯದಲ್ಲಿ ಮೇಸ್ತ್ರಿ ಮಾತು ಕೇಳಬೇಡಿ. ಪಕ್ಕದವರು ಜಾಗ ಬಿಟ್ಟಿಲ್ಲ ಅಂದಿರಲ್ಲ, ನೀವು ಬಿಡೋದಕ್ಕೆ ಅದೇ ದೊಡ್ಡ ಕಾರಣ. ನೀವೂ ಗಡಿಗೇ ಕಟ್ಟಿದರೆ ಆ ಬದಿಗೆ ಒಂದು ಕಿಟಕಿಯೂ ಇರಲ್ಲ, ಹಗಲಲ್ಲೂ ಲೈಟ್ ಹಾಕಬೇಕು, ಎರಡು ಗೋಡೆ ಮಧ್ಯೆ ಮಳೆ ನೀರು ಇಳಿದು ಒಳಗೆ ಜಿನುಗಿದರೆ ಹೊರಗಿನಿಂದ ಪ್ಲಾಸ್ಟರ್ ಮಾಡಿಸೋಕೂ ಕೈ ಹೋಗಲ್ಲ.

ಗಾಳಿ ಬೆಳಕಿನ ನಿಯಮಗಳು ಸುಮ್ನೆ ಹುಟ್ಟಿದ್ದಲ್ಲ. 1890ರ ದಶಕದ ಕೊನೆಗೆ ಮೈಸೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಕೇರಿಗಳನ್ನು ಹೀಗೇ ಬಿಡಬಾರದು ಅನ್ನೋದು ಆಗ ಎಲ್ಲರಿಗೂ ಗೊತ್ತಾಯಿತು. 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಟ್ರಸ್ಟ್ ಬೋರ್ಡ್ ಶುರುವಾಯಿತು. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಒಮ್ಮೆ ಓಡಾಡಿ ನೋಡಿ. ಆ ನೇರ ರಸ್ತೆಗಳು, ಮನೆ ಹಿಂದೆ ಕಸ, ಕೊಳಕು ಸಾಗಿಸೋಕೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಮರ ಬೆಳೆಯೋಷ್ಟು ಅಂಗಳ, ಇವನ್ನೇ ಅಲ್ವಾ ನಾವು ‘ಹಳೇ ಮೈಸೂರಿನ ಅಂದ’ ಅನ್ನೋದು?

ಇನ್ನು ಲೆಕ್ಕ. ಎಷ್ಟು ಬಿಡಬೇಕು ಅನ್ನೋದು ಸೈಟಿನ ಅಳತೆ, ಕಟ್ಟಡದ ಎತ್ತರದ ಮೇಲೆ ಹೋಗುತ್ತೆ. ಅಕ್ಕಪಕ್ಕ 3 ಅಡಿ ಅಂತ ಇಟ್ಟುಕೊಳ್ಳಿ, ಆಗಲೂ 24 ಅಡಿ ಅಗಲ ನಿಮ್ಮದೇ. ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ, 1.75 ಆದರೆ ಎಲ್ಲ ಮಹಡಿ ಸೇರಿ 2100 ಚದರ ಅಡಿ ಕಟ್ಟಬಹುದು. ಒಂದು ಸಂಸಾರಕ್ಕೆ ಅದು ಕಡಿಮೆ ಅಲ್ಲ. ಎಂಜಿನಿಯರ್‌ಗೆ ಹೇಳಿ, ರೂಮುಗಳಿಗಿಂತ ಮೊದಲು ಬಿಡುವ ಜಾಗ ಗುರುತು ಮಾಡಲಿ. ಪಕ್ಕದವರ ಗೋಡೆ ಇರೋ ಬದಿಗೆ ಮೆಟ್ಟಿಲು, ಬಚ್ಚಲು ಬರಲಿ. ಬೆಳಕು ಬರೋ ಬದಿಗೆ ಹಾಲ್, ಅಡುಗೆಮನೆ ಇರಲಿ. ಪ್ಲಾನ್ ಬಿಟ್ಟು ಕಟ್ಟಿದರೆ ನಾಳೆ ಕಂಪ್ಲೀಷನ್ ಸರ್ಟಿಫಿಕೇಟ್‌ಗೆ, ಮನೆ ಮಾರುವಾಗ ಕೊಳ್ಳುವವರ ಬ್ಯಾಂಕ್ ಸಾಲಕ್ಕೆ ತೊಂದರೆ ಬರಬಹುದು.

ಪ್ರಶ್ನೆ: ನಾಲೆ ಪಕ್ಕದ ಗದ್ದೆಯಲ್ಲಿ ಕಲ್ಲು ನೆಟ್ಟು ಸೈಟು ಮಾರುತ್ತಿದ್ದಾರೆ. ರೇಟು ಕಡಿಮೆ. ತಗೋಬಹುದಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಎರಡು ಕಾಗದ ನೋಡದೆ ಅಡ್ವಾನ್ಸ್ ಕೊಡಬೇಡಿ. ಒಂದು, 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಆದ ಅಲಿನೇಷನ್ ಆದೇಶ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ ಆದೇಶ. ಇನ್ನೊಂದು, ಮಂಜೂರಾದ ಬಡಾವಣೆ ನಕ್ಷೆ. ಅಲಿನೇಷನ್ ಆಗಿದೆ ಅಂತ ಮಾತ್ರ ತೋರಿಸ್ತಾರೆ, ಅದು ಸಾಲದು. ಮಂಜೂರಾದ ನಕ್ಷೆ ಇಲ್ಲದಿದ್ದರೆ ಇವತ್ತು ಪಾರ್ಕ್ ಅಂತ ತೋರಿಸಿದ ಜಾಗವೂ ನಾಳೆ ಸೈಟಾಗಬಹುದು. ಕಾಗದ ಸರಿ ಇದ್ದರೂ, ನಾಲೆಯಲ್ಲಿ ನೀರು ಬಿಟ್ಟಾಗ ಹೋಗಿ ನೆಲ ಎಷ್ಟು ತೇವ ಇದೆ ನೋಡಿ. ಗದ್ದೆ ಮಣ್ಣಿನಲ್ಲಿ ಪಾಯದ ಖರ್ಚು ಜಾಸ್ತಿ.